ಕೌನ್ಸೆಲರ್ ಏನೂ ಹೇಳುವುದೇ ಇಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಮುಂದುವರಿಸಲಾ, ಬಿಡಲಾ?

ತುಮಕೂರಿನವಳು:
ಅಪ್ಪ ಹೋಗಿ ಎಂಟು ತಿಂಗಳಾಯಿತು. ಆಫೀಸಿನಲ್ಲಿ ಕೂತರೆ ಕೆಲಸ ಮುಂದಕ್ಕೆ ಹೋಗುತ್ತಿಲ್ಲ. ಡಾಕ್ಟರು ಕೌನ್ಸೆಲಿಂಗ್‌ಗೆ ಹೋಗಿ ಅಂದರು. ಈಗ ನೋಡುತ್ತಿರುವವರು ಪರ್ಸನ್ ಸೆಂಟರ್ಡ್ ಥೆರಪಿ ಮಾಡುವವರು. ಸೆಷನ್‌ಗೆ 1,200 ರೂಪಾಯಿ. ಮೂರು ಮುಗಿಯಿತು. ಸಲಹೆ ಇಲ್ಲ, ಹೋಂವರ್ಕ್ ಇಲ್ಲ. ನಾನು ಹೇಳಿದ್ದನ್ನೇ ಸ್ವಲ್ಪ ತಿರುಗಿಸಿ ನನಗೇ ಹೇಳುತ್ತಾರೆ. ಇದು ಹೀಗೇನಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಲೆಕ್ಕದ ಮೇಷ್ಟ್ರು:
ನನ್ನ ಡೈರಿಯಲ್ಲಿ ಎಲ್ಲಾ ಇದೆ, ನೋಡಿಕೊಂಡೇ ಬರೆಯುತ್ತಿದ್ದೇನೆ. ಸೆಷನ್‌ಗೆ 1,500. ದುಡ್ಡು ಕೊಟ್ಟಿದ್ದು 14ಕ್ಕೆ, ಕೂತಿದ್ದು 13ಕ್ಕೆ. ಒಂದು ದಿನ ಮಗಳಿಗೆ ಜ್ವರ ಬಂತು, 24 ಗಂಟೆ ಮೊದಲು ಹೇಳಲಿಲ್ಲ ಅಂತ ಪೂರ್ತಿ ಫೀಸು ಹಿಡಿದರು. ಅಲ್ಲಿಗೆ 21,000. ಆಟೋ ಹೋಗಿ ಬರಲು 280, ಹದಿಮೂರು ಸಲಕ್ಕೆ 3,640. ಒಟ್ಟು 24,640.
ಆರನೇ ಸೆಷನ್‌ನಲ್ಲಿ ನಾನೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಗೋಡೆ ಗಡಿಯಾರದಲ್ಲಿ 11 ನಿಮಿಷ. ಮೇಲಿನ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. 50 ನಿಮಿಷಕ್ಕೆ 1,500 ಅಂದರೆ ಆ ಮೌನಕ್ಕೇ 330 ರೂಪಾಯಿ! ಕೊನೆಗೆ ‘ಈ ಮೌನದಲ್ಲಿ ನಿಮಗೆ ಏನನ್ನಿಸಿತು?’ ಅಂದರು. ಚಟ್ನಿ ರುಬ್ಬುತ್ತಿದ್ದಾರೆ ಅನ್ನಿಸಿತು ಅಂದೆ. ಅವರು ನಗಲೂ ಇಲ್ಲ.
ಬಿಟ್ಟು ಸಿಬಿಟಿ, ಅಂದರೆ ನಮ್ಮ ಯೋಚನೆಗಳನ್ನೇ ಪರೀಕ್ಷಿಸಿ ತಿದ್ದಿಕೊಳ್ಳುವ ಥೆರಪಿ, ಮಾಡುವವರ ಹತ್ತಿರ ಹೋದೆ. ಪುಸ್ತಕದಲ್ಲಿ ಗೆರೆ ಎಳೆದು ಬರೆಯಬೇಕು: ಏನಾಯಿತು, ಏನು ಯೋಚನೆ ಬಂತು, ಅದಕ್ಕೆ ಆಧಾರ ಏನು. ಎರಡು ತಿಂಗಳಲ್ಲಿ ನಿದ್ದೆ ವಾಪಸ್ ಬಂತು.

ಜಯನಗರದ ಅಕ್ಕ:
ಮೇಷ್ಟ್ರೇ, ಮೌನಕ್ಕೆ ದರ ಕಟ್ಟಿದವರು ನೀವೇ ಮೊದಲು ಇರಬೇಕು. ನಾನು ಎರಡು ವರ್ಷ ಹೋಗಿದ್ದೇನೆ, ಹೆಮ್ಮೆಯಿಂದ ಹೇಳುತ್ತೇನೆ. ಡೈವೋರ್ಸ್ ಆದಾಗ ನನಗೆ ಸಲಹೆಗೇನು ಬರಗಾಲ ಇರಲಿಲ್ಲ. ಅತ್ತಿಗೆ, ಚಿಕ್ಕಮ್ಮ, ಬ್ಯಾಂಕಿನ ಕ್ಯಾಷಿಯರ್, ಎಲ್ಲರೂ ಕೊಟ್ಟರು. ಕೊಡದೆ ಇದ್ದವರು ಅವರೊಬ್ಬರೇ.
ಒಂದು ದಿನ ‘ತುಂಬಾ ಸುಸ್ತು’ ಅಂದೆ. ‘ಸುಸ್ತಿಗಿಂತ ಜಾಸ್ತಿ, ಸುಸ್ತು ಅಂತ ಹೇಳಿದರೆ ಯಾರಾದರೂ ಬೈತಾರೆ ಅನ್ನೋ ಹೆದರಿಕೆನಾ?’ ಅಂದರು. ನಾನು ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ಕೂತಿದ್ದೆ. ಜಿಪ್ ಕಿತ್ತುಬಂತು. ಅಲ್ಲಿಂದ ಅಳು ಶುರು. ಇದು ಹೇಳಿದ್ದನ್ನೇ ತಿರುಗಿಸಿ ಹೇಳುವುದಾ? ನಾನು ಹೇಳದೇ ಬಿಟ್ಟಿದ್ದನ್ನು ಅವರು ಕೇಳಿಸಿಕೊಂಡಿದ್ದರು.
ಮೊದಲ ಏಳೆಂಟು ಸೆಷನ್ ನನಗೂ ದಂಡ ಅನ್ನಿಸಿತ್ತು. ಮನೆಗೆ ಬಂದ ಮೇಲೆ ಇನ್ನೂ ಜಾಸ್ತಿ ಅಳು ಬರುತ್ತಿತ್ತು. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಕಟ್ಟೆ ಪುರಾಣ:
ನಮ್ಮಜ್ಜಿ ಜಗಲಿ ಕಟ್ಟೆ ಮೇಲೆ ಎಲೆ ಅಡಿಕೆ ಹಾಕಿಕೊಂಡು ಇದನ್ನೇ ಪುಕ್ಕಟೆ ಮಾಡುತ್ತಿದ್ದಳು.

ಜಯನಗರದ ಅಕ್ಕ:
ನಿಮ್ಮಜ್ಜಿ ಸಂಜೆಯೊಳಗೆ ಬೀದಿಗೆಲ್ಲಾ ಹಂಚುತ್ತಿದ್ದರು ಕೂಡ. ಅದನ್ನೂ ಬರೆಯಿರಿ.

ಕಟ್ಟೆ ಪುರಾಣ:
ಅಜ್ಜಿ ಸುದ್ದಿಗೆ ಬರಬೇಡಿ. ಅವಳು ತೀರಿಕೊಂಡು ಹತ್ತು ವರ್ಷ ಆಯಿತು.

ಧಾರವಾಡ ಫೇಡೆ:
ನನ್ನ ಕಷ್ಟ ಬೇರೆ, ಭಾಷೆದು. ಬೆಂಗಳೂರಿನವರ ಹತ್ತಿರ ಆನ್‌ಲೈನ್ ಸೆಷನ್, 1,800. ಅಪ್ಪ ಮನೆಯನ್ನು ತಮ್ಮನ ಹೆಸರಿಗೆ ಬರೆದರು. ‘ಅವನನ್ನ ನೋಡಿದ್ರ ಹೊಟ್ಟಿ ಉರೀತದರೀ’ ಅಂದೆ. ಅವರು ಮೆಲ್ಲಗೆ, ಕಾಳಜಿಯಿಂದ, ‘ಹೊಟ್ಟೆಯಲ್ಲಿ ಉರಿ ಕಾಣಿಸುತ್ತಿದೆ… ಊಟ ಆದ ಮೇಲಾ?’ ಅಂದರು. ನಾನು ಅಸೂಯೆ ಹೇಳಿದರೆ ಅವರಿಗೆ ಆಸಿಡಿಟಿ ಕಂಡಿತು. ಅರ್ಧ ತಾಸು ಅದನ್ನು ಬಿಡಿಸಿ ಹೇಳುವುದಕ್ಕೇ ಹೋಯಿತು, ಅಷ್ಟರಲ್ಲಿ ನೆಟ್ ಕಡಿಯಿತು. ನಾಲ್ಕು ಸೆಷನ್, 7,200. ನಮ್ಮೂರಲ್ಲೇ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಅಲ್ಲಿಗೆ ಮೊದಲೇ ಹೋಗಬೇಕಿತ್ತು. ನಮ್ಮವರಿಗೆ ಎಲ್ಲದಕ್ಕೂ ಬೆಂಗಳೂರೇ ಆಗಬೇಕು.

ಓದುತ್ತಿರುವವನು:
ನಾನು ಎಂ.ಎಸ್ಸಿ. ಕೌನ್ಸೆಲಿಂಗ್ ವಿದ್ಯಾರ್ಥಿ. ಪರ್ಸನ್ ಸೆಂಟರ್ಡ್ ಅನ್ನುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ದಾರಿ. ದಾರಿ ತೋರಿಸುವವರು ಕ್ಲೈಂಟೇ, ಅದಕ್ಕೇ ಸಲಹೆ ಕೊಡುವುದಿಲ್ಲ. 1957ರ ಲೇಖನದಲ್ಲಿ ಅವರು ಆರು ಷರತ್ತು ಹೇಳುತ್ತಾರೆ. ಕೌನ್ಸೆಲರ್ ಮುಖವಾಡ ಹಾಕದೆ ಇರಬೇಕು, ಎದುರಿನವರನ್ನು ಅಳೆಯದೆ ಒಪ್ಪಿಕೊಳ್ಳಬೇಕು, ಅವರ ಜಾಗದಲ್ಲಿ ನಿಂತು ನೋಡಬೇಕು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಕೊನೆಯದನ್ನು ಮರೆಯುತ್ತಾರೆ: ಈ ಒಪ್ಪಿಗೆ, ಅರ್ಥ ಮಾಡಿಕೊಳ್ಳುವಿಕೆ ಕ್ಲೈಂಟ್‌ಗೆ ಸ್ವಲ್ಪವಾದರೂ ತಟ್ಟಬೇಕು. ಧಾರವಾಡದ ಸರ್‌ಗೆ ತಟ್ಟಲಿಲ್ಲ, ಮೇಷ್ಟ್ರಿಗೂ ತಟ್ಟಲಿಲ್ಲ. ಅಂದಮೇಲೆ ಅಲ್ಲಿ ಆಗಿದ್ದನ್ನು…

ಲೆಕ್ಕದ ಮೇಷ್ಟ್ರು:
ಥೆರಪಿನೇ ಅಲ್ಲ ಅನ್ನುತ್ತೀಯೇನಪ್ಪಾ? ಹಾಗಾದರೆ 24,640 ವಾಪಸ್ ಕೊಡಿಸು.

ಓದುತ್ತಿರುವವನು:
ಸರ್, ಆಟೋದವರು ಕೊಡುವುದಿಲ್ಲ. ನಾನು ಹೇಳಿದ್ದು, ತಟ್ಟುತ್ತಿಲ್ಲ ಅಂತ ಅವರ ಮುಖಕ್ಕೇ ಹೇಳಬಹುದಿತ್ತು. ಈ ಪದ್ಧತಿಯಲ್ಲಿ ಅದಕ್ಕೆ ಜಾಗ ಇದೆ. ಒಳ್ಳೆಯವರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೆಸರು ಬೇಡ:
ಎಲ್ಲರೂ ತಮಾಷೆ ಮಾಡಿಕೊಂಡು ಇರಿ. ನನ್ನ ತಮ್ಮ ಐದು ತಿಂಗಳು ಹೀಗೇ ‘ಕೇಳಿಸಿಕೊಳ್ಳುವವರ’ ಹತ್ತಿರ ಹೋದ. ವಾರಕ್ಕೆ ಒಂದು, 1,000ದಂತೆ 20 ಸೆಷನ್. ನಾಲ್ಕು ರಾತ್ರಿ ನಿದ್ದೆ ಇಲ್ಲ, ಆದರೂ ಸುಸ್ತಿಲ್ಲ. ಸಾಲ ಮಾಡಿ ಎರಡು ಬೈಕ್ ತಂದ. ಕೌನ್ಸೆಲರ್‌ಗೆ ಅದನ್ನೂ ಹೇಳಿದ್ದನಂತೆ. ‘ತುಂಬಾ ಉತ್ಸಾಹ ಇದೆ ಅನ್ನಿಸುತ್ತಿದೆ’ ಅಂದರಂತೆ. ಬೈಪೋಲಾರ್ ಅದು, ಉನ್ಮಾದ, ಖಿನ್ನತೆ ಎರಡೂ ಬಂದು ಹೋಗುವ ಕಾಯಿಲೆ! ಆಸ್ಪತ್ರೆಗೆ ಸೇರಿಸಿ ಲಿಥಿಯಂ ಮಾತ್ರೆ ಶುರು ಮಾಡಿದ ಮೇಲೆ ಮನುಷ್ಯ ಆದ. ಬೈಕ್ ಮಾರಿದ್ದರಲ್ಲಿ 62,000 ನಷ್ಟ, ಸಾಲ ಇನ್ನೂ ಕಟ್ಟುತ್ತಿದ್ದೇವೆ. ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ ಅನ್ನಲು ಆಕೆಗೆ ಏನು ಕಷ್ಟ ಇತ್ತು?

ಜಯನಗರದ ಅಕ್ಕ:
ಅದು ಆಕೆಯ ತಪ್ಪು, ಪದ್ಧತಿಯದ್ದಲ್ಲ.

ಹೆಸರು ಬೇಡ:
ಪದ್ಧತಿ ಅಂತೆ. ನಿಮ್ಮದು ಜಿಪ್ ಕಿತ್ತುಬಂತು, ನಮ್ಮದು ಮನೆಯೇ ಕಿತ್ತುಬಂತು.

ಜಯನಗರದ ಅಕ್ಕ:
ನನ್ನ ಮನೆ ಉಳಿಯಿತು ಅಂತ ನಿಮಗೆ ಹೇಳಿದವರು ಯಾರು?

ಓದುತ್ತಿರುವವನು:
ಇಬ್ಬರೂ ಸ್ವಲ್ಪ ನಿಧಾನ… ನಿದ್ದೆ ಇಲ್ಲದೆಯೂ ಸುಸ್ತಾಗದೆ ಇದ್ದರೆ, ಸಾಯುವ ಯೋಚನೆ ಬಂದರೆ, ಬರೀ ಕೌನ್ಸೆಲಿಂಗ್ ಸಾಲದು, ಡಾಕ್ಟರು ನೋಡಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ ಇದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ.

ಧಾರವಾಡ ಫೇಡೆ:
14416ಕ್ಕೆ ಹೊಟ್ಟಿ ಉರಿ ತಿಳೀತದೇನ್ರಿ?

ಕಟ್ಟೆ ಪುರಾಣ:
ನಮ್ಮಜ್ಜಿಗೆ ತಿಳಿಯುತ್ತಿತ್ತು.

ಲೆಕ್ಕದ ಮೇಷ್ಟ್ರು:
ಫೀಸಿನ ವಿಷಯ ಯಾರೂ ಮಾತಾಡುತ್ತಿಲ್ಲ. ಮಗುವಿಗೆ ಜ್ವರ 24 ಗಂಟೆ ಮೊದಲೇ ಹೇಳಿ ಬರುತ್ತದಾ? ಅಳೆಯದೆ ಒಪ್ಪಿಕೊಳ್ಳುವವರು ಅದೊಂದನ್ನು ಮಾತ್ರ ಅಳೆದರು.

ಜಯನಗರದ ಅಕ್ಕ:
ಆ ಗಂಟೆಗೆ ಅವರು ಬೇರೆಯವರನ್ನು ಕರೆಯುವಂತಿಲ್ಲ. ನಿಮ್ಮ ಟ್ಯೂಷನ್‌ಗೆ ಮಕ್ಕಳು ಚಕ್ಕರ್ ಹಾಕಿದರೆ ಆ ದಿನದ ಫೀಸು ಮುರಿದುಕೊಳ್ಳುತ್ತೀರಾ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು:
ನಾನು ಟ್ಯೂಷನ್ ಹೇಳುತ್ತೇನೆ ಅಂತ ಯಾರು ಹೇಳಿದ್ದು?

ತುಮಕೂರಿನವಳು:
ಎಲ್ಲರಿಗೂ ಥ್ಯಾಂಕ್ಸ್. ಹೆಸರು ಬೇಡ ಅಂದವರೇ, ನಿಮ್ಮ ತಮ್ಮ ಈಗ ಹುಷಾರಾಗಿದ್ದಾರೆ ಅಂದುಕೊಳ್ಳುತ್ತೇನೆ. ನನಗೆ ನಿದ್ದೆ ಬರುತ್ತದೆ, ಎಚ್ಚರ ಆದಾಗಲೇ ಕಷ್ಟ. ನಾಳೆ 11ಕ್ಕೆ ನಾಲ್ಕನೇ ಸೆಷನ್. ಬೇಡ ಅನ್ನೋಣ ಅಂತ ಇದ್ದೆ, ನಿಮ್ಮ ಜಗಳ ಓದುತ್ತಾ ಕೂತು 24 ಗಂಟೆ ದಾಟಿಹೋಗಿದೆ. ಹೇಗೂ ದುಡ್ಡು ಹೋಗುತ್ತದೆ, ಹೋಗಿ ಬರುತ್ತೇನೆ. ಅಪ್ಪನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ, ಅದನ್ನು ಅವರಿಗೆ ಹೇಳಿಲ್ಲ.

ಲೆಕ್ಕದ ಮೇಷ್ಟ್ರು:
ಹೋಗಿ ಬಾರಮ್ಮ. ರಸೀದಿ ಇಸಿದುಕೋ.