ಅಪ್‌ಡೇಟ್: ಪಿನ್‌ವೀಲ್ ಬ್ಲಾಕ್‌ಗೆ ಚೌಕದ ಅಳತೆ ಸಿಕ್ಕಿತು

ಕ್ವಿಲ್ಟ್‌ಗೆ (ಬಟ್ಟೆ ತುಂಡು ಜೋಡಿಸಿ ಹೊಲಿಯುವ, ಕೌದಿಯಂಥ ಹೊದಿಕೆ) ಜೋಡಿಸಿದ ಮೇಲೆ ಸರಿಯಾಗಿ 8 ಇಂಚು ಕಾಣುವ ಪಿನ್‌ವೀಲ್ ಬ್ಲಾಕ್‌ಗೆ (ಗಿರಗಟ್ಟೆ ವಿನ್ಯಾಸದ ಚೌಕ ತುಂಡು) ಎಷ್ಟು ದೊಡ್ಡ ಚೌಕ ಕತ್ತರಿಸಬೇಕು ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಬ್ಲಾಕ್‌ಗಳು ರೆಡಿ!

"1 ಇಂಚು ಜಾಸ್ತಿ ಇಟ್ಟು ಕತ್ತರಿಸಿ, ಆಮೇಲೆ ಟ್ರಿಮ್ ಮಾಡಿ" ಎಂದವರ ಸಲಹೆಯೇ ಕೈಹಿಡಿಯಿತು. ಬ್ಲಾಕ್‌ನಲ್ಲಿರುವ ನಾಲ್ಕು ಚೌಕಗಳಲ್ಲಿ ಒಂದೊಂದರ ಬದಿ 4 ಇಂಚು, ಹಾಗಾಗಿ ಕತ್ತರಿಸುವ ಚೌಕ 5 ಇಂಚು. ಎರಡು ಬಣ್ಣದಲ್ಲಿ ಎರಡೆರಡು ಸಾಕು. ಬಣ್ಣಕ್ಕೊಂದರಂತೆ ಜೋಡಿಸಿ, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಅದರ ಎರಡೂ ಬದಿಗೆ ಕಾಲು ಇಂಚು ದೂರದಲ್ಲಿ ಹೊಲಿದು, ಗೆರೆ ಮೇಲೆ ಕತ್ತರಿಸಿದೆ. ಬಂದ ನಾಲ್ಕು ತುಂಡನ್ನೂ ಬಿಡಿಸಿ 4½ ಇಂಚಿಗೆ (ಅಂಚಿನ ಹೊಲಿಗೆಗೆ ಹೋಗುವ ಅರ್ಧ ಇಂಚು ಸೇರಿ) ಟ್ರಿಮ್ ಮಾಡಿ, ಎರಡೆರಡಾಗಿ ಸೇರಿಸಿ, ಆ ಎರಡು ಅರ್ಧಗಳನ್ನು ಜೋಡಿಸಿದೆ. 1 ಇಂಚಿನ ಬದಲು 7/8 ಇಂಚು ಸೇರಿಸುವ ಲೆಕ್ಕವೂ ಸರಿಯೇ, ಆದರೆ ಟ್ರಿಮ್ ಮಾಡಲು ಜಾಗವೇ ಉಳಿಯುವುದಿಲ್ಲ.

ಎರಡು ಚೌಕದ ನಾಲ್ಕೂ ಅಂಚು ಹೊಲಿದು, X ಆಕಾರದಲ್ಲಿ ಕತ್ತರಿಸುವ ವಿಧಾನ ನನಗೆ ಒಗ್ಗಲಿಲ್ಲ. ಹೊರ ಅಂಚೆಲ್ಲ ಕ್ರಾಸ್‌ನಲ್ಲಿ (ನೇಯ್ಗೆಗೆ ಓರೆಯಾಗಿ) ಬರುತ್ತದೆ ಅಲ್ವಾ, ತೆಳು ಕಾಟನ್ ಸುಮ್ನೆ ಮುಟ್ಟಿದರೂ ಹಿಗ್ಗುತ್ತಿತ್ತು.

ಹೊಸದಾಗಿ ಗೊತ್ತಾದದ್ದು: ಹೊಲಿಗೆಗಳೆಲ್ಲ ಸೇರುವ ನಡುಭಾಗ ದಪ್ಪ ಆಗುತ್ತದೆ. ಹಿಂಬದಿಯಲ್ಲಿ, ಎರಡು ಅರ್ಧಗಳನ್ನು ಜೋಡಿಸಿದ ಕೊನೆಯ ಹೊಲಿಗೆ ಸಾಲಿನ ಆಚೆ, ಅಂಚಿನಲ್ಲಿ ಉಳಿದ ಮೊದಲಿನ ಸಾಲಿನ ಎರಡು ಮೂರು ಹೊಲಿಗೆ ಬಿಚ್ಚಿ, ಅಂಚುಗಳನ್ನು ಒಂದೇ ದಿಕ್ಕಿಗೆ ಸುತ್ತುವಂತೆ ತಿರುಗಿಸಿ ಇಸ್ತ್ರಿ ಮಾಡಿ. ಚಪ್ಪಟೆಯಾಗಿ ಕೂರುತ್ತದೆ, ಹಿಂದೆ ಪುಟ್ಟ ಗಿರಗಟ್ಟೆಯೂ ಮೂಡುತ್ತದೆ! ಕ್ವಿಲ್ಟ್‌ಗೆ ಸೇರಿಸುವ ಮುಂಚೆ ಬ್ಲಾಕ್ 8½ ಇಂಚು ಇದೆಯಾ ನೋಡಿಕೊಳ್ಳಿ.