ದೋಸ್ತನ ಬಗ್ಗೆ ಬರೆಯೋಕೆ ‘ಸಲಿಂಗಕಾಮಿ’ ಸರಿಯಾ?

ನಮಸ್ಕಾರ. ಕಲಬುರಗಿಯಲ್ಲಿ ಪಿಯುಸಿ ಹುಡುಗರಿಗೆ ಕನ್ನಡ ಪಾಠ ಮಾಡುತ್ತೇನೆ. ಹೋದ ವಾರ ‘ದೋಸ್ತಿ’ ಬಗ್ಗೆ ಒಂದು ಪುಟ ಬರೆಯೋಕೆ ಹೇಳಿದ್ದೆ. ಒಬ್ಬ ಹುಡುಗ ‘ನನ್ನ ದೋಸ್ತ ಸಲಿಂಗಕಾಮಿ’ ಅಂತ ಬರೆದು, ‘ಕಾಮಿ’ ಮೇಲೆ ಎರಡು ಸಲ ಗೀಟು ಹಾಕಿದ್ದ. ಪಕ್ಕದಲ್ಲಿ ಖಾಲಿ ಜಾಗ. ಕರೆದು ಕೇಳಿದೆ. “ಸರ್, ಅಂವ ಹಂಗಿಲ್ರಿ. ಬ್ಯಾರೆ ಶಬ್ದ ಅದ ಏನ್ರಿ?” ಅಂದ. ದೋಸ್ತನ ಹೆಸರು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದೇ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಳೇ ಅರ್ಥದಲ್ಲಿ ‘ಕಾಮ’ ಅಂದರೆ ಬಯಕೆ, ನಾಲ್ಕು ಪುರುಷಾರ್ಥಗಳಲ್ಲಿ ಒಂದು. ಇವತ್ತಿನ ಕನ್ನಡದಲ್ಲಿ ‘ಕಾಮಿ’ ಅಂದರೆ ‘ಕಾಮುಕ’ ಅಂದ ಹಾಗೇ ಕೇಳಿಸುತ್ತೆ. ಹುಡುಗಿ ಮೇಲೆ ಮನಸ್ಸಾದ ಹುಡುಗನನ್ನು ಯಾರೂ ಕಾಮಿ ಅನ್ನಲ್ಲ, ಅಲ್ವಾ? ಒಂದೇ ಲಿಂಗದ ವಯಸ್ಕರು ಒಪ್ಪಿ ಇಟ್ಟುಕೊಂಡ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಆ ತೀರ್ಪಿನ ಸುದ್ದಿಯನ್ನೂ ನಾವು ಓದಿದ್ದು ಇದೇ ‘ಕಾಮ’ದ ಜೊತೆಗೆ.

‘ಸಲಿಂಗಪ್ರೇಮಿ’ ಎಷ್ಟೋ ಮೇಲು. ಆದರೆ ಪ್ರೇಮಿ ಅನ್ನೋಕೆ ಯಾರನ್ನಾದರೂ ಪ್ರೀತಿಸುತ್ತಿರಬೇಕು. ಆ ದೋಸ್ತ ಇನ್ನೂ ಯಾರನ್ನೂ ಪ್ರೀತಿಸಿಲ್ಲವಂತೆ. ‘ಲೈಂಗಿಕ ಅಲ್ಪಸಂಖ್ಯಾತ’ ಅನ್ನೋದು ಅರ್ಜಿಗೆ, ವರದಿಗೆ ಸರಿ.

ಹುಡುಗರ ಬಾಯಲ್ಲಿ ಓಡಾಡೋದು ಬೇರೆ ಪದ: ‘ಛಕ್ಕಾ’. ಅದು ಮಂಗಳಮುಖಿಯರನ್ನು ಹೀಯಾಳಿಸೋ ಬೈಗುಳ. ತಾನು ಹೆಣ್ಣೋ ಗಂಡೋ ಅನ್ನೋದು ಬೇರೆ, ಯಾರ ಮೇಲೆ ಮನಸ್ಸು ಅನ್ನೋದು ಬೇರೆ. ಈ ಪದ ಎರಡನ್ನೂ ಕಲಸಿ ಇಬ್ಬರನ್ನೂ ನೋಯಿಸುತ್ತೆ. ನಮ್ಮ ಕಡೆ ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡೇ ತಿರುಗುತ್ತಾರೆ, ಒಂದೇ ತಟ್ಟೆಯಲ್ಲಿ ಸುಸಲಾ ಮಿರ್ಚಿ ತಿನ್ನುತ್ತಾರೆ. ಯಾರೋ ಒಬ್ಬ ಹಿಂದಿನಿಂದ ಈ ಪದ ಕೂಗಿದರೆ ಸಾಕು, ಹೆಗಲ ಮೇಲಿದ್ದ ಕೈ ಕೆಳಗಿಳಿಯುತ್ತೆ. ಕಾಲೇಜಿನ ಗೇಟಿನ ಹತ್ತಿರ ಕಣ್ಣಾರೆ ನೋಡಿದ್ದೇನೆ. ಮಾರನೇ ದಿನ ಬೆಂಚಿನ ಮೇಲೆ ಆ ಇಬ್ಬರ ನಡುವೆ ಒಂದು ಬ್ಯಾಗು ಇತ್ತು.

‘ಗೆಳೆಯ’ ಪದವೂ ಈಗ ಸ್ವಲ್ಪ ಜಾರಿದೆ. ಪತ್ರಿಕೆಯಲ್ಲಿ ‘ನಟಿಯ ಗೆಳೆಯ’ ಅಂದರೆ ಬಾಯ್‌ಫ್ರೆಂಡ್. ಅದಕ್ಕೇ ಹುಡುಗ ‘ದೋಸ್ತ’ ಅಂತ ಬರೆದ ಅನ್ನಿಸುತ್ತೆ. ಪಾರಸಿಯಿಂದ ಬಂದ ಪದ, ಇಲ್ಲಿ ಮನೆಮಾತೇ ಆಗಿಬಿಟ್ಟಿದೆ.

ಕೊನೆಗೆ ಅವನೇ ಹೀಗೆ ತಿದ್ದಿಕೊಂಡ: ‘ನನ್ನ ದೋಸ್ತಗ ಹುಡುಗರ ಮ್ಯಾಲ ಮನಸ್ಸು. ನಾ ಅವನ ಬಾಜೂಕ ಕೂಡ್ತೀನಿ.’

ನನಗೆ ಇದು ತುಂಬಾ ಹಿಡಿಸಿತು. ಹೆಸರುಪದದ ಹಂಗೇ ಇಲ್ಲ. ಆದರೆ ಒಂದೇ ಪದ ಬೇಕಾದಾಗ ಏನು ಮಾಡೋದು? ಬೀದರ್, ಯಾದಗಿರಿ ಕಡೆಯವರು ಏನಂತೀರಿ? ಹುಡುಗಿಯನ್ನು ಇಷ್ಟಪಡೋ ಹುಡುಗಿಗೆ ಅವಳ ಗೆಳತಿಯರ ಬಾಯಲ್ಲಿ ಬೈಗುಳ ಅಲ್ಲದ ಪದ ಏನಾದರೂ ಇದೆಯಾ?