ಗಾಳಿಗೆ ನೀರು ಬೆರೆಸಿ ಹಿಮ ಮಾಡುವ ವಿದ್ಯೆ: ಐದು ಭಾನುವಾರವಾದರೂ ಹುಡುಗನಿಗೆ ಬರುತ್ತಿಲ್ಲ, ನನ್ನ ನಿಯಮ ತಪ್ಪೇ?

ಹುಬ್ಬಳ್ಳಿ ಮೌಶಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕನ ಮಗ, ಅವನ ಓಣಿಯ ಮೂವರು ಗೆಳೆಯರು ಮತ್ತು ನಾನು ಭಾನುವಾರ ಊಟವಾದ ಮೇಲೆ ಮಾಳಿಗೆ ಕೋಣೆಯಲ್ಲಿ ಕೂತು ನಿಂಜಾ ಆಟ ಆಡುತ್ತೇವೆ. ಮೊಬೈಲ್ ಇಲ್ಲ. ಹಾಳೆ, ಪೆನ್ಸಿಲ್, ದಾಳ, ಅಷ್ಟೇ. ಕಥೆ ನಡೆಸುವವಳು ನಾನು. ಹುಡುಗರು ನರುಟೊ ಅನ್ನುವ ಜಪಾನಿ ಚಿತ್ರಕಥೆಯ ಕಾರ್ಟೂನ್ ನೋಡಿದವರು, ಹಾಗಾಗಿ ಚಕ್ರ (ನಿಂಜಾನ ಒಳಗಿನ ಶಕ್ತಿ), ಜುತ್ಸು (ಆ ಶಕ್ತಿಯಿಂದ ಮಾಡುವ ವಿದ್ಯೆ), ಹನ್ನೆರಡು ಕೈಮುದ್ರೆ, ಬೆಂಕಿ-ಗಾಳಿ-ಮಿಂಚು-ಮಣ್ಣು-ನೀರು ಅನ್ನುವ ಐದು ಗುಣ, ಎಲ್ಲ ಅಲ್ಲಿಂದ ತಂದಿದ್ದೇವೆ. ಊರು, ಪಾತ್ರ, ಜಗಳ ನಮ್ಮವೇ.

ನನ್ನ ಹುಡುಗನ ಪಾತ್ರಕ್ಕೆ ಗಾಳಿ ಬರುತ್ತದೆ, ನೀರೂ ಬರುತ್ತದೆ. ಎರಡನ್ನೂ ಕೂಡಿಸಿ ಹಿಮ ಕಲಿಯಬೇಕು ಅಂತ ಹಟ. ನಾನು ಮಾಡಿದ ನಿಯಮ ಹೀಗಿದೆ: ಇಪ್ಪತ್ತು ಮುಖದ ದಾಳವನ್ನು ಗಾಳಿಗೆ ಒಂದು ಸಲ, ನೀರಿಗೆ ಒಂದು ಸಲ ಹಾಕಬೇಕು. ಅವನ ಪಾತ್ರಕ್ಕಿರುವ 3 ಅಂಕ ಸೇರಿಸಿ ಎರಡೂ ಸಲ 13 ಮುಟ್ಟಬೇಕು. ಹಾಗೆ ಮೂರು ಸಲ ಗೆದ್ದರೆ ವಿದ್ಯೆ ಕೈಗೆ ಬಂದಂತೆ. ಭಾನುವಾರಕ್ಕೆ ಒಂದೇ ಪ್ರಯತ್ನ.

ಐದು ಭಾನುವಾರದಲ್ಲಿ ಗೆದ್ದಿದ್ದು ಒಂದೇ ಸಲ. ಮೊನ್ನೆ ದಾಳ ಹಾಕಿ, ನೋಡದೆಯೇ ಎದ್ದು ಕಿಟಕಿ ಹತ್ತಿರ ನಿಂತ. "ಮೌಶಿ, ನನಗ ಇದು ಬರೂದಿಲ್ಲ ಬಿಡು" ಅಂದ. ಸೋತಾಗ ನಾನು ಹೇಳುತ್ತಿದ್ದದ್ದು "ಏನೂ ಆಗಲಿಲ್ಲ" ಅಂತ. ಆ ಮಾತು ಕೇಳಿದಾಗ ಅವನ ಮುಖ ಹೇಗಾಗುತ್ತದೆ ಅಂತ ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ.

ಸುಲಭ ಮಾಡಿ ಕೊಟ್ಟುಬಿಡಬಹುದು. ಆದರೆ ಪುಕ್ಕಟೆ ಸಿಕ್ಕಿದ್ದು ಅಂತ ಅವನಿಗೇ ಗೊತ್ತಾಗುತ್ತದೆ. ಕಷ್ಟಪಟ್ಟು ಕಲಿತೆ ಅನ್ನಿಸಬೇಕು, ಜೊತೆಗೆ ಕಲಿಯುತ್ತಿದ್ದೇನೆ ಅಂತ ದಾರಿಯಲ್ಲೂ ಗೊತ್ತಾಗಬೇಕು. ಏನು ಮಾಡಲಿ?

ಲೆಕ್ಕದ ಮೇಷ್ಟ್ರು:

ಮೌಶಿಯವರೇ, ಮೊದಲು ಲೆಕ್ಕ. 3 ಅಂಕ ಸೇರಿ 13 ಆಗಬೇಕಾದರೆ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು. ಅದು 20ರಲ್ಲಿ 11, ಅಂದರೆ ಶೇ. 55. ಒಂದು ಸಲಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಎರಡೂ ಗೆಲ್ಲಬೇಕೆಂದರೆ ಗುಣಿಸಬೇಕು: ಶೇ. 30ರ ಹತ್ತಿರ. ಅಂಥ ಮೂರು ಗೆಲುವಿಗೆ ಸರಾಸರಿ ಹತ್ತು ಭಾನುವಾರ ಬೇಕು. ಐದು ಪ್ರಯತ್ನದಲ್ಲಿ ಒಂದೇ ಗೆಲುವು ಅಥವಾ ಅದೂ ಇಲ್ಲದಿರುವ ಸಾಧ್ಯತೆ ಶೇ. 52. ಹುಡುಗನ ಕೈಯೂ ಕೆಟ್ಟದ್ದಲ್ಲ, ದಾಳವೂ ಕೆಟ್ಟದ್ದಲ್ಲ. ಇದನ್ನು ಅವನಿಗೂ ಹೇಳಿ. ಈ ಲೆಕ್ಕ ಆ ವಯಸ್ಸಿಗೆ ಅರ್ಥವಾಗುತ್ತದೆ.

ಇನ್ನೊಂದು ಮಾತು. ಗಾಳಿ ಮತ್ತು ನೀರು ಸೇರಿದರೆ ತಂಪಾಗುವುದು ಬರೀ ಕಲ್ಪನೆಯಲ್ಲ. ಬೇಸಿಗೆಯಲ್ಲಿ ನಿಮ್ಮ ಕಡೆ ಮಣ್ಣಿನ ಹರವಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡುವ ಜಾಗದಲ್ಲಿ ಇಡುತ್ತೀರಲ್ಲ, ಅದೇ ತತ್ವ. ಆವಿಯಾಗುವ ನೀರು ಉಳಿದ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ, ಬೀಸುವ ಗಾಳಿ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ಕೈಮೇಲೆ ಒದ್ದೆ ಕರವಸ್ತ್ರ ಹಾಕಿ ಫ್ಯಾನಿನ ಕೆಳಗೆ ಕೂರಿಸಿ. ಹಿಮದ ಮೊದಲ ಪಾಠ ಅಲ್ಲಿಂದಲೇ ಶುರುವಾಗಲಿ.

ಬಿಳಿದಾಳ:

ಅಕ್ಕಾ, ಮೇಷ್ಟ್ರ ಲೆಕ್ಕ ಸರಿ. ಆದರೆ ಅಂಕ ಇಳಿಸಿದರೆ ಮಾತ್ರ ಸಾಲದು ಅನ್ನಿಸುತ್ತೆ ನನಗೆ. ನಿಮ್ಮ ನಿಯಮದಲ್ಲಿ ಹುಡುಗ ಎರಡು ಬೇರೆ ಬೇರೆ ಕೆಲಸ ಮಾಡ್ತಾ ಇದ್ದಾನೆ, ಒಮ್ಮೆ ಗಾಳಿ, ಒಮ್ಮೆ ನೀರು. ಬೆರೆಸೋದು ಎಲ್ಲೂ ಇಲ್ಲ. ಈ ವಿದ್ಯೆಯ ಜೀವಾಳವೇ ಸಮತೋಲನ ಅಲ್ವಾ? ಚಕ್ರ ಅನ್ನೋದೇ ದೇಹದ ಶಕ್ತಿ, ಮನಸ್ಸಿನ ಶಕ್ತಿ ಎರಡೂ ಕೂಡಿದ್ದು. ಅದೇ ಕಥೆಯಲ್ಲಿ ಕಪ್ಪೆಗಳು ಕಲಿಸುವ ಋಷಿ ವಿದ್ಯೆಯಲ್ಲಿ ಪ್ರಕೃತಿಯ ಶಕ್ತಿ ಮೂರನೆಯದಾಗಿ ಸೇರುತ್ತೆ. ಅದು ಅಳತೆ ಮೀರಿದರೆ ಮನುಷ್ಯ ಕಪ್ಪೆಯಾಗಿ ಕಲ್ಲಾಗ್ತಾನೆ. ಅಲ್ಲಿ ಯಾರೂ "ಶಕ್ತಿ ಸಾಲದು" ಅಂತ ಸೋಲೋದಿಲ್ಲ, ಒಂದು ಕಡೆ ವಾಲಿ ಸೋಲ್ತಾರೆ.

ನಾನು ನಮ್ಮ ಗುಂಪಿನಲ್ಲಿ ಮಾಡೋದು ಹೀಗೆ. ಆರು ಮುಖದ ಎರಡು ದಾಳ, ಬಿಳಿಯದು ಗಾಳಿ, ನೀಲಿಯದು ನೀರು. ಒಟ್ಟಿಗೇ ಹಾಕಬೇಕು. ಎಷ್ಟು ಬಿತ್ತು ಅಂತ ನೋಡಬೇಡಿ, ಎರಡರ ನಡುವೆ ವ್ಯತ್ಯಾಸ ಎಷ್ಟು ಅಂತ ನೋಡಿ. ಮೊದಲ ಮೆಟ್ಟಿಲಲ್ಲಿ ವ್ಯತ್ಯಾಸ 2ರ ಒಳಗಿದ್ದರೆ ಸಾಕು, 36ರಲ್ಲಿ 24 ಸಲ ಗೆಲುವು. ಎರಡನೇ ಮೆಟ್ಟಿಲಲ್ಲಿ 1ರ ಒಳಗೆ, ಅದು 36ಕ್ಕೆ 16. ಮೂರನೆಯದರಲ್ಲಿ ಎರಡೂ ಸಮ ಬೀಳಬೇಕು, 36ಕ್ಕೆ ಬರೀ 6.

ಅದು ಕ್ರೂರ ಅನ್ನಿಸಬಹುದು. ಅದಕ್ಕೇ ಹುಣಸೆ ಬೀಜ. ಪ್ರತಿ ಸೋಲಿಗೂ ಒಂದು ಬೀಜ ಕೊಡಿ. ಒಂದು ಬೀಜ ಕೊಟ್ಟರೆ ಯಾವುದಾದರೂ ಒಂದು ದಾಳವನ್ನು ಒಂದು ಅಂಕ ಮೇಲೆ ಅಥವಾ ಕೆಳಗೆ ಸರಿಸಬಹುದು. ಕೈಯಲ್ಲಿ ಮೂರು ಬೀಜ ಇದ್ದರೆ ಮೂರನೇ ಮೆಟ್ಟಿಲೂ 36ಕ್ಕೆ 30 ಆಗುತ್ತೆ. ಅಂದರೆ ಸೋತಿದ್ದು ವ್ಯರ್ಥವಾಗಲ್ಲ, ಜೇಬಲ್ಲಿ ಕೂತಿರುತ್ತೆ. ಮಕ್ಕಳು ಅದನ್ನು ಎಣಿಸ್ತಾ ಇರ್ತಾರೆ.

"ಏನೂ ಆಗಲಿಲ್ಲ" ಅನ್ನೋ ಮಾತನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ. ವ್ಯತ್ಯಾಸ 4 ಅಥವಾ 5 ಬಂದರೆ ದೊಡ್ಡದು ಉಕ್ಕಿ ಹರೀಬೇಕು. ಗಾಳಿ ಹೆಚ್ಚಾದರೆ ನೀರೆಲ್ಲ ತುಂತುರಾಗಿ ಎರಚಿಹೋಗಲಿ, ನೀರು ಹೆಚ್ಚಾದರೆ ಗಾಳಿ ಉಸಿರುಗಟ್ಟಿ ಕೈಯಲ್ಲಿ ಮಂಜು ಮಾತ್ರ ಉಳಿಯಲಿ. ಯಾವ ಕಡೆ ವಾಲಿದೆ ಅಂತ ಹುಡುಗನಿಗೆ ಗೊತ್ತಾದರೆ ಮುಂದಿನ ಸಲ ಏನು ಮಾಡ್ತೀನಿ ಅಂತ ಅವನೇ ಹೇಳ್ತಾನೆ.

ಇನ್ನೊಂದು, ಇದು ನನಗೆ ತುಂಬ ಇಷ್ಟ. ಸುತ್ತುವ ಚಕ್ರದ ಗೋಳಕ್ಕೆ ಗಾಳಿ ಬೆರೆಸುವಾಗ ಕಥಾನಾಯಕ ನರುಟೊ ಒದ್ದಾಡ್ತಾನಲ್ಲ, ಎಡಕ್ಕೂ ಬಲಕ್ಕೂ ಒಟ್ಟಿಗೆ ನೋಡು ಅಂದ ಹಾಗೆ ಅಂತ. ಕಡೆಗೆ ದಾರಿ ಸಿಗೋದು ನೆರಳಿನ ತದ್ರೂಪುಗಳಿಂದ, ಅಂದರೆ ವಿದ್ಯೆಯಿಂದ ಮಾಡಿದ ತನ್ನದೇ ನಕಲುಗಳಿಂದ. ಒಬ್ಬ ಆಕಾರ ಕೊಡ್ತಾನೆ, ಇನ್ನೊಬ್ಬ ಗಾಳಿ ಕೊಡ್ತಾನೆ. ನಿಮ್ಮ ಹುಡುಗನಿಗೆ ತದ್ರೂಪು ಇಲ್ಲ, ಆದರೆ ಪಕ್ಕದಲ್ಲಿ ಮೂವರು ಗೆಳೆಯರಿದ್ದಾರೆ. ನೀಲಿ ದಾಳ ಅವರಲ್ಲಿ ಒಬ್ಬ ಹಾಕಲಿ. ತನ್ನ ಪಾತ್ರ ಹೇಗೆ ಸಹಾಯ ಮಾಡುತ್ತೆ ಅಂತ ಅವನು ಬಾಯಿಬಿಟ್ಟು ಹೇಳಲೇಬೇಕು, ಅದೊಂದೇ ಷರತ್ತು.

ಹುಬ್ಬಳ್ಳಿ ಮೌಶಿ:

ಮೇಷ್ಟ್ರೇ, ಬಿಳಿದಾಳ ಅವರೇ, ಕಣ್ಣು ತೆರೆಸಿದಿರಿ. ಬೀಜ ಮನೆಯಲ್ಲೇ ಇವೆ. ಹಿಂದಿನ ನಾಲ್ಕು ಸೋಲಿಗೆ ನಾಲ್ಕು ಬೀಜ ಕೊಡುತ್ತೇನೆ, ಒಂದು ಗೆಲುವನ್ನು ಮೊದಲ ಮೆಟ್ಟಿಲು ಅಂತ ಲೆಕ್ಕ ಹಿಡಿಯುತ್ತೇನೆ.

ಆದರೆ ಮನಸ್ಸಿನಲ್ಲಿ ಇನ್ನೊಂದು ಕೊರೆಯುತ್ತಿದೆ. ಗೆಳೆಯರಲ್ಲಿ ಒಬ್ಬ ಮೂಲ ಕಥೆಯನ್ನು ಅರೆದು ಕುಡಿದವನು. "ಹಿಮ ರಕ್ತದಾಗ ಬರಬೇಕು, ಕಲತ್ರ ಬರೂದಿಲ್ಲ" ಅಂತ ಎಲ್ಲರ ಮುಂದೆ ಹೇಳಿಬಿಟ್ಟ. ಅವನು ಹೇಳಿದ್ದು ಸುಳ್ಳೂ ಅಲ್ಲ. ಅದಾದ ಮೇಲೇ ನನ್ನ ಹುಡುಗ ಇನ್ನೂ ಕುಗ್ಗಿದ್ದು. ಅವನ ಪಾತ್ರ ಒಬ್ಬ ಅಂಬಿಗನ ಮಗ, ಯಾವ ದೊಡ್ಡ ಮನೆತನವೂ ಅಲ್ಲ.

ಕೆರೆದಂಡೆ:

ಆ ಹುಡುಗ ಹೇಳಿದ್ದು ಕಥೆಯ ಮಟ್ಟಿಗೆ ನಿಜ. ಅಲ್ಲಿ ಇಂಥ ವಿದ್ಯೆಗೆ ಕೆಕ್ಕೈ ಗೆಂಕೈ ಅನ್ನುತ್ತಾರೆ, ಅಂದರೆ ರಕ್ತದ ಎಲ್ಲೆ, ವಂಶದಿಂದ ಮಾತ್ರ ಬರುವಂಥದ್ದು. ನರುಟೊನ ಗುರು ಕಾಕಾಶಿಗೆ ಮಣ್ಣೂ ಬರುತ್ತದೆ, ನೀರೂ ಬರುತ್ತದೆ, ಆದರೂ ಎರಡನ್ನೂ ಬೆರೆಸಿ ಮರ ಬೆಳೆಸಲು ಅವನಿಂದ ಆಗುವುದಿಲ್ಲ.

ಆದರೆ ಅದೇ ಕಥೆಯಲ್ಲಿ ಹಿಮ ಬರುತ್ತಿದ್ದ ಹಾಕು ಅನ್ನುವ ಹುಡುಗನನ್ನು ನೆನೆಸಿಕೊಳ್ಳಿ. ಅವನ ನಾಡಿನಲ್ಲಿ ಯುದ್ಧಗಳಾದ ಮೇಲೆ ಇಂಥ ರಕ್ತದವರನ್ನು ಕಂಡರೆ ಜನಕ್ಕೆ ಭಯ, ದ್ವೇಷ. ತಾಯಿ ಅದನ್ನು ಮುಚ್ಚಿಟ್ಟು ಬದುಕಿದಳು. ಗೊತ್ತಾದ ದಿನ ಅವಳನ್ನು ಕೊಂದವನು ಅವಳ ಗಂಡನೇ. ಆ ಮಗುವಿಗೆ ಹಿಮ ವರವಾಗಿ ಬಂದದ್ದಲ್ಲ. ನಾನು ಆ ಭಾಗವನ್ನು ಹನ್ನೆರಡನೇ ವಯಸ್ಸಿನಲ್ಲಿ ಓದಿದೆ, ಇವತ್ತಿಗೂ ಎದೆ ಭಾರವಾಗುತ್ತದೆ.

ನಿಮ್ಮ ಊರು ನಿಮ್ಮದೇ ಅಂದಿರಿ. ಹಾಗಾದರೆ ಅಂಬಿಗನ ಮಗನೂ ಹಿಮ ಕಲಿಯಲಿ, ಆದರೆ ಅದು ಕಥೆಯಲ್ಲಿ ದೊಡ್ಡ ಸಂಗತಿಯಾಗಲಿ. ರಕ್ತದಿಂದ ಹಿಮ ಪಡೆದ ಒಬ್ಬ ಮುದುಕಿ ಅವನನ್ನು ಹುಡುಕಿಕೊಂಡು ಬರಲಿ. ತಾನು ಬಚ್ಚಿಟ್ಟು ಬದುಕಿದ್ದನ್ನು ಇವನು ಬಯಲಲ್ಲಿ ನಿಂತು ಅಭ್ಯಾಸ ಮಾಡುತ್ತಿರುವುದನ್ನು ಕಂಡು ಅವಳಿಗೆ ಏನನ್ನಿಸಬಹುದು? ಮೂಲ ಕಥೆ ಬಲ್ಲ ಆ ಗೆಳೆಯನಿಗೇ ಮುದುಕಿಯ ಮಾತು ಆಡಲು ಕೊಡಿ. ಅವನಿಗೆ ಗೊತ್ತಿರುವುದೆಲ್ಲ ಆಗ ಉಪಯೋಗಕ್ಕೆ ಬರುತ್ತದೆ.

ಹುಬ್ಬಳ್ಳಿ ಮೌಶಿ:

ಭಾನುವಾರ ಆಟ ಮುಗಿಯಿತು. ಹುಡುಗರು ಈಗಷ್ಟೇ ಹೋದರು, ಮರೆಯುವ ಮುಂಚೆ ಬರೆಯುತ್ತಿದ್ದೇನೆ.

ಮೊದಲು ಮೇಷ್ಟ್ರು ಹೇಳಿದ ಹಾಗೆ ಕರವಸ್ತ್ರ ಒದ್ದೆ ಮಾಡಿ ನಾಲ್ವರ ಕೈಮೇಲೂ ಹಾಕಿ ಫ್ಯಾನ್ ಹಚ್ಚಿದೆ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಹುಡುಗ, "ಗಾಳಿ ನೀರಿನ್ಯಾಗಿನ ಬಿಸಿ ಕದ್ಕೊಂಡ ಹೊಂಟೈತಿ" ಅಂದ. ಅದನ್ನೇ ಅವನ ಪಾತ್ರದ ಮೊದಲ ಪಾಠ ಅಂತ ಹಾಳೆಯಲ್ಲಿ ಬರೆಸಿದೆ.

ನಂತರ ಎರಡನೇ ಮೆಟ್ಟಿಲು, ವ್ಯತ್ಯಾಸ 1ರ ಒಳಗೆ ಬರಬೇಕು. ಬಿಳಿ ದಾಳ ಅವನದು. ನೀಲಿ ದಾಳ ಅವನ ಪಕ್ಕದ ಮನೆಯ ಗೆಳೆಯನದು, ಅವನ ಪಾತ್ರ ವೈದ್ಯ. "ಬಾವಿ ಕಟ್ಟಿ ಮ್ಯಾಲೆ ಕುಂತು ಕೊಡದ ನೀರು ಅಲುಗಾಡದಂಗ ಹಿಡೀತೀನಿ, ನೀ ಊದು" ಅಂದ. ಒಟ್ಟಿಗೆ ಹಾಕಿದರು. ಬಿಳಿಯದು 6, ನೀಲಿಯದು 2.

ಹುಡುಗ ಬೀಜದ ಮೇಲೆ ಕೈ ಇಟ್ಟು ಕೇಳಿದ, "ಇವನ್ನ ಖರ್ಚು ಮಾಡಲಿಲ್ಲಂದ್ರ ಏನಾಗತೈತಿ ಮೌಶಿ?" ಗಾಳಿ ಕೊಡವನ್ನು ಎತ್ತಿ ಒಗೆಯುತ್ತದೆ, ಕಟ್ಟೆಯ ಮೇಲೆ ಕೂತ ನಿನ್ನ ಗೆಳೆಯ ಬಾವಿಗೆ ಬೀಳುತ್ತಾನೆ ಅಂದೆ. ಮೂರನೇ ಮೆಟ್ಟಿಲಿಗೆ ಬೀಜ ಉಳಿಸಿಕೊಳ್ಳುತ್ತಾನೆ ಅಂತಲೇ ನಾನು ಎಣಿಸಿದ್ದೆ, ಹಿಂದಿನ ರಾತ್ರಿ ಹಾಗೆ ಲೆಕ್ಕ ಹಾಕುತ್ತಿದ್ದ. ಒಂದು ಕ್ಷಣವೂ ಯೋಚಿಸದೆ ಮೂರು ಬೀಜ ನನ್ನ ಕಡೆ ತಳ್ಳಿದ. ವ್ಯತ್ಯಾಸ 1. ಕೊಡದ ನೀರಿನ ಮೇಲೆ ತೆಳ್ಳಗೆ, ಹಾಲಿನ ಕೆನೆಯಷ್ಟು ದಪ್ಪದ ಹಿಮ ಕಟ್ಟಿತು ಅಂತ ಹೇಳಿದೆ. ನಾಲ್ವರೂ ಕೂಗಿದ ಕೂಗಿಗೆ ಅಕ್ಕ ಕೆಳಗಿನಿಂದ ಮೇಲೆ ಬಂದಳು.

ಆಮೇಲೆ ಮುದುಕಿ ಬಂದಳು. ಹಿಮ ರಕ್ತದಲ್ಲೇ ಬರಬೇಕು ಅಂದಿದ್ದ ಹುಡುಗನೇ ಅವಳ ಪಾತ್ರ ಆಡಿದ. ಬಾವಿ ಕಟ್ಟೆಯ ಹತ್ತಿರ ನಿಂತು, "ಇದನ್ನ ಯಾರ ಮುಂದೂ ಮಾಡಬ್ಯಾಡ ತಮ್ಮಾ" ಅಂತ ಮೆಲ್ಲಗೆ ಹೇಳಿದ. ನನ್ನ ಹುಡುಗ, "ಅಜ್ಜಿ, ನೀವು ಮಾಡಿ ತೋರಸ್ರಿ, ಇಲ್ಲೆ ಯಾರೂ ಇಲ್ಲ" ಅಂದ. ಅಲ್ಲಿಗೆ ಆಟ ನಿಲ್ಲಿಸಿದೆ.

ಈಗ ಅವನ ಹತ್ತಿರ ಒಂದೇ ಬೀಜ ಉಳಿದಿದೆ, ಮುಂದಿನದು ಸಮ ಬೀಳಬೇಕಾದ ಮೆಟ್ಟಿಲು. ಹೋಗುವಾಗ ವೈದ್ಯನ ಪಾತ್ರದ ಹುಡುಗ ತಾನು ಬೆಂಕಿಗೆ ಮಣ್ಣು ಬೆರೆಸಿ ಲಾವಾ ಕಲಿಯುತ್ತೇನೆ ಅಂದ, ಉಳಿದಿಬ್ಬರೂ ಏನೇನೋ ಜೋಡಿ ಹೇಳುತ್ತಾ ಮೆಟ್ಟಿಲಿಳಿದರು. ಇಷ್ಟು ಜನಕ್ಕೆ ನನ್ನ ಬೀಜ ಸಾಲುವುದಿಲ್ಲ. ನಾಳೆಯಿಂದ ಸಾರಿಗೆ ಹುಣಸೆ ಕಿವುಚುವಾಗ ಬೀಜ ಚೆಲ್ಲಬೇಡ, ತೊಳೆದಿಡು ಅಂತ ಅಕ್ಕನಿಗೆ ಹೇಳಿದ್ದೇನೆ.